ಅಣ್ಣನ ಚಪ್ಪಲಿ ಕಪ್ಪೆಗಳು

ನಮ್ಮ ಅಣ್ಣನದು ಪಂಕ್ಚರ್ ಅಂಗಡಿ. ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಯಲ್ಲಿ, ಕಾಲುವೆ ಸೇತುವೆಗೆ ಸ್ವಲ್ಪ ಮುಂಚೆ, ಬೇವಿನ ಗಿಡದ ಕೆಳಗೆ ಒಂದು ತಗಡಿನ ಡಬ್ಬಾ. ನಾನು ಅದೇ ರಸ್ತೆಯಲ್ಲಿ ಓಡುವ ಸರ್ಕಾರಿ ಬಸ್ಸಿನ ಕಂಡಕ್ಟರ್. ಹೋಗುವಾಗ ಬರುವಾಗ ಅವನ ಅಂಗಡಿಯ ಮುಂದೆ ಹಾಯುತ್ತಿದ್ದೆ, ಅವನು ಮಾತ್ರ ತಲೆ ಎತ್ತುತ್ತಿರಲಿಲ್ಲ. ಟ್ಯೂಬನ್ನು ನೀರು ತುಂಬಿದ ಕಬ್ಬಿಣದ ಬುಟ್ಟಿಯಲ್ಲಿ ಅದ್ದಿ ಗುಳ್ಳೆ ಎಲ್ಲಿಂದ ಏಳುತ್ತದೆ ಎಂದು ನೋಡುತ್ತ ಕೂತವನಿಗೆ ಬಸ್ಸೂ ಒಂದೇ, ಬಸ್ಸಿನ ಬಾಗಿಲಲ್ಲಿ ನಿಂತ ತಮ್ಮನೂ ಒಂದೇ. ಮೀನಿನ ಹುಚ್ಚು ಅವನಿಗೆ ಆ ಬುಟ್ಟಿಯಿಂದಲೇ ಹತ್ತಿತು ಎಂದು ನನ್ನ ಅಂದಾಜು. ದಿನವಿಡೀ ನೀರಿನ ಮೇಲೆ ಏಳುವ ಗುಳ್ಳೆ ನೋಡಿದವನು ಸಂಜೆಗೂ ಅದನ್ನೇ ಹುಡುಕಿಕೊಂಡು ಹೋಗುತ್ತಿದ್ದ.

ಕಾಲುವೆ ಬರುವ ಮೊದಲು ನಮ್ಮ ಕಡೆ ಮೀನೆಂದರೆ ಕೆರೆ ಬತ್ತುವಾಗ ಊರೆಲ್ಲ ಕೆಸರಿಗಿಳಿದು ಬಾಚಿಕೊಳ್ಳುವ ಒಂದು ಹೊತ್ತಿನ ಊಟ. ಕಾಲುವೆ ಬಂತು, ಜೋಳ ತೊಗರಿ ಬೆಳೆಯುತ್ತಿದ್ದ ಎರೆಹೊಲಗಳಲ್ಲಿ ಭತ್ತ ನಿಂತಿತು. ಏರಿ ಕಟ್ಟುವಾಗ ಮಣ್ಣು ಅಗೆದುಕೊಂಡ ಹೊಂಡಗಳನ್ನು ಯಾರೂ ಮುಚ್ಚಲಿಲ್ಲ. ಏರಿಯ ಅಡಿಯಿಂದ ಬಸಿದ ನೀರು ಅವುಗಳನ್ನು ತುಂಬಿತು. ಅಂಚಿಗೆ ಆಳೆತ್ತರದ ಆಪು ಹುಲ್ಲು ಬೆಳೆದು ಒಳಗೆ ಏನಿದೆ ಎಂದು ಕಾಣದಂತಾಯಿತು. ಸುತ್ತಲಿನ ಹೊಲಗಳಲ್ಲಿ ಸವಳು ಬಿಳಿಯ ಹಿಟ್ಟಿನ ಹಾಗೆ ಮೇಲೆದ್ದಿತು. ಹೊಲ ಕೆಟ್ಟವರು ಅತ್ತರು, ಗಾಳ ಹಾಕುವವರಿಗೆ ಹಬ್ಬವಾಯಿತು. ನಾವು ಹಬ್ಬ ಮಾಡಿದವರ ಪೈಕಿ.

ಆ ಹೊಂಡಗಳಿಗೆ ಬಂದು ಸೇರಿಕೊಂಡ ಮೀನಿಗೆ ಮರಲ್ ಅನ್ನುತ್ತಾರೆ, ಗುರುಮಠಕಲ್ ಕಡೆಯವರು ಕೊರಮೀನು ಅನ್ನುತ್ತಾರೆ. ತಲೆ ಹಾವಿನದು, ಮೈ ಮೀನಿನದು. ಆಗಾಗ ಮೇಲೆ ಬಂದು ಗಾಳಿ ನುಂಗಿ ಹೋಗುತ್ತದೆ, ಆಗ ಒಂದು ಗುಳ್ಳೆ ಒಡೆಯುತ್ತದೆ. ಆಪಿನ ನೆರಳಲ್ಲಿ ಅಲುಗದೆ ನಿಂತು, ನೀರಿನ ಮೇಲೆ ಹಾಯುವ ಕಪ್ಪೆಯನ್ನು ಹೊಡೆಯುತ್ತದೆ. ಹಲಗೆಯ ಮೇಲೆ ಒದ್ದೆ ಬಟ್ಟೆ ಬಡಿದಂಥ ಸದ್ದು. ಒಮ್ಮೆ ಆ ಸದ್ದು ಕೇಳಿದವನಿಗೆ ಮನೆಯಲ್ಲಿ ಕೂತರೆ ಸಮಾಧಾನವಿರುವುದಿಲ್ಲ.

ಬೇರೆಯವರು ಜೀವಂತ ಕಪ್ಪೆಯನ್ನೇ ಗಾಳಕ್ಕೆ ಚುಚ್ಚುತ್ತಿದ್ದರು. ಅಣ್ಣನಿಂದ ಅದು ಆಗಲಿಲ್ಲ. ಸವೆದ ಹವಾಯಿ ಚಪ್ಪಲಿಯ ಅಟ್ಟೆಯನ್ನು ಬ್ಲೇಡಿನಿಂದ ಕೊರೆದು ಕಪ್ಪೆ ಮಾಡಿದ. ಸೈಕಲ್ ಟ್ಯೂಬನ್ನು ಸೀಳಿ ಹಿಂಗಾಲು, ಚಕ್ರದ ಕಡ್ಡಿಯನ್ನು ಬಗ್ಗಿಸಿ ನಡುವಿನ ತಂತಿ, ಆಪಿಗೆ ಸಿಕ್ಕಿಕೊಳ್ಳದ ಹಾಗೆ ಬೆನ್ನಿಗೆ ಅಂಟಿಕೊಂಡು ಕೂರುವ ಜೋಡಿ ಗಾಳ. ಮಂದಿ ಮೊದಲು ನಕ್ಕರು. ಚಪ್ಪಲಿ ತಿನ್ನುವ ಮೀನು ಯಾವ ಊರಿನದಪ್ಪಾ ಎಂದರು. ಆಮೇಲೆ ಅಂಗಡಿಗೆ ಬಂದು ಹಳೆಯ ಚಪ್ಪಲಿ ಕೊಟ್ಟು ತಮಗೂ ಒಂದು ಮಾಡಿಕೊಡು ಎಂದರು. ಅಣ್ಣ ಚಪ್ಪಲಿ ಇಸಿದುಕೊಳ್ಳುತ್ತಿದ್ದ, ಕಪ್ಪೆ ಮಾತ್ರ ಕೊಡುತ್ತಿರಲಿಲ್ಲ.

ಒಂದು ಬಿಸ್ಕೆಟ್ ಡಬ್ಬಿಯ ತುಂಬ ಕಪ್ಪೆಗಳಿದ್ದವು. ಯಾವುದೂ ಇನ್ನೊಂದರ ಹಾಗಿರಲಿಲ್ಲ. ಕಪ್ಪೆಯನ್ನು ನೀರಿಗೆ ಒಗೆಯುವ ಕೆಲಸ ನನ್ನದಾದರೂ ಡಬ್ಬಿಗೆ ಕೈ ಹಾಕುವ ಅಧಿಕಾರ ನನಗಿರಲಿಲ್ಲ. ಹೊಂಡಕ್ಕೆ ಹೋದ ಕೂಡಲೆ ಅಣ್ಣ ಏರಿಯ ಮೇಲೆ ಕುಕ್ಕರಗಾಲಿನಲ್ಲಿ ಕೂತು ಬೀಡಿ ಹಚ್ಚುತ್ತಿದ್ದ. ಗಾಳಿ ಎತ್ತಲಿಂದ ಇದೆ, ನೀರಿನ ಬಣ್ಣ ಏನು, ಮೋಡ ಇದೆಯೇ, ಕಾಲುವೆಗೆ ನೀರು ಬಿಟ್ಟಿದ್ದಾರೋ ಕಟ್ಟಿದ್ದಾರೋ, ಎಲ್ಲ ನೋಡುವಷ್ಟರಲ್ಲಿ ಬೀಡಿ ಸುಟ್ಟು ಮುಗಿಯುತ್ತಿತ್ತು. ಆಮೇಲೆ ಡಬ್ಬಿಯಿಂದ ಒಂದನ್ನು ತೆಗೆದು ನನ್ನ ಕೈಗೆ ಕೊಡುತ್ತಿದ್ದ. ಒಮ್ಮೆ ನಾನು ಅವಸರ ಮಾಡಿ ಕಣ್ಣಿಗೆ ಚೆಂದ ಕಂಡ ಹಳದಿಯ ಕಪ್ಪೆ ಕಟ್ಟಿಕೊಂಡೆ. ಕೋಲು ಕಸಿದುಕೊಂಡು, ಹಲ್ಲಿನಿಂದ ತಂಗೂಸಿ ದಾರ ಕಡಿದ.

"ನಿನಗ ಚೆಂದ ಕಂಡ್ರ ಏನ್ ಬಂತಲೇ? ತಿನ್ನೋದು ನೀನೇನು?" ಎಂದ.

ಸಿಟ್ಟು ನಮ್ಮ ಮನೆತನದ್ದು. ನಾನು ಬಸ್ಸಿನಲ್ಲಿ ಚಿಲ್ಲರೆಗಾಗಿ ಸಿಟ್ಟಾಗುತ್ತಿದ್ದೆ, ಅವನು ಕಪ್ಪೆಗಾಗಿ. ಆದರೆ ಅವನ ಸಿಟ್ಟು ನಿಜವಾಗಿ ನೋಡಿದ್ದು ಒಂದು ಮಳೆಗಾಲದಲ್ಲಿ.

ಮಳೆಗಾಲದಲ್ಲಿ ಮರಲ್ ಮರಿ ಮಾಡುತ್ತದೆ. ಮರಿಗಳು ಕೆಂಪಗೆ, ಅಕ್ಕಿಕಾಳಿನಷ್ಟು. ನೂರಾರು ಒಟ್ಟಾಗಿ ಮೇಲೆ ಬಂದು ಗಾಳಿ ನುಂಗುವಾಗ, ಆಪಿನ ನಡುವೆ ಒಂದು ಕಡೆ ಮಾತ್ರ ಅನ್ನ ಕುದಿದ ಹಾಗೆ ನೀರು ಕೆಂಪಗೆ ಕುದಿಯುತ್ತದೆ. ಅದರ ಕೆಳಗೆ ತಾಯಿ ತಂದೆ ಎರಡೂ ಕಾವಲು ನಿಂತಿರುತ್ತವೆ. ಆ ಕೆಂಪು ಮಚ್ಚೆಯ ಮೇಲೆ ಏನು ಎಳೆದರೂ, ಕಡ್ಡಿ ಎಳೆದರೂ, ಅವು ಹೊಡೆಯುತ್ತವೆ. ಹೊಟ್ಟೆಗೆ ಅಲ್ಲ, ಸಿಟ್ಟಿಗೆ. ಆ ಹೊತ್ತಿನಲ್ಲಿ ಗಾಳ ಹಾಕುವುದಕ್ಕೆ ಏನೂ ಗೊತ್ತಿರಬೇಕಾಗಿಲ್ಲ. ಕಾವಲು ಹೋದ ಮೇಲೆ ಮರಿಗಳನ್ನು ಸಂಜೆಯೊಳಗೆ ಬೇರೆ ಮೀನು, ಹಕ್ಕಿ ಮುಗಿಸಿಬಿಡುತ್ತವೆ. ನಮ್ಮ ಹೊಂಡದ ಮೇಲೆ ಯಾರೋ ಪೇಟೆಯಿಂದ ಬಂದ ಗಟ್ಟಿಮುಟ್ಟಾದ ಆಳು ಹಾಗೆ ಒಗೆಯುತ್ತಿದ್ದ. ಅಣ್ಣ ಹೋಗಿ ಅವನ ಕೋಲನ್ನು ಕೈಯಿಂದ ತೆಗೆದುಕೊಂಡು ಮೊಣಕಾಲಿಗೆ ಹಾಕಿ ಮುರಿದ.

"ಮರಿ ಕಾಯೋದರ ಮ್ಯಾಲ ಒಗೀಬಾರದು," ಎಂದು ಎರಡೂ ತುಂಡುಗಳನ್ನು ಅವನಿಗೇ ವಾಪಸು ಕೊಟ್ಟ.

ಹೊಡೆದಾಟ ಆಗುತ್ತದೆಂದು ನಾನು ಅಂಗಿಯ ತೋಳು ಮಡಚಿದ್ದೆ. ಆ ಮನುಷ್ಯ ಅಣ್ಣನ ಮುಖ ನೋಡಿ ಸೈಕಲ್ ಹತ್ತಿ ಹೋದ. ಅಣ್ಣನಿಗೂ ಅವನ ಹೆಂಡತಿ, ನಮ್ಮ ವೈನಿಗೂ ಮಕ್ಕಳಿರಲಿಲ್ಲ. ಮಂದಿ ಅದಕ್ಕೂ ಇದಕ್ಕೂ ಗಂಟು ಹಾಕಿ ಮಾತಾಡುತ್ತಿದ್ದರು. ನನಗೆ ಹಾಗೆ ಅನ್ನಿಸಲಿಲ್ಲ. ಅವನಿಗೆ ಕಪ್ಪೆ ಆರಿಸುವುದೇ ಮುಖ್ಯವಾಗಿತ್ತು. ಆರಿಸದೆ ಸಿಗುವ ಮೀನು ಅವನಿಗೆ ಬೇಕಾಗಿರಲಿಲ್ಲ.

ಕಾಯಿಲೆ ಶುರುವಾದದ್ದು ದಸರೆಯ ಆಸುಪಾಸು. ರೊಟ್ಟಿ ಎದೆಯಲ್ಲಿ ನಿಲ್ಲುತ್ತದೆ ಎಂದ. ವೈನಿ ಮೆತ್ತಗೆ ಮಾಡಿಕೊಟ್ಟಳು. ಆಮೇಲೆ ಅನ್ನ ನಿಂತಿತು. ಕಲಬುರಗಿಯ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದೆ. ಬಾಯೊಳಗೆ ನಳಿಗೆ ಇಳಿಸಿ ನೋಡಿದರು. ಅನ್ನನಾಳದಲ್ಲಿ ಗಡ್ಡೆ, ಬಹಳ ಮುಂದೆ ಹೋಗಿದೆ, ಕೊಯ್ಯುವಂತಿಲ್ಲ ಎಂದರು. ಡಾಕ್ಟರ್ ನನ್ನನ್ನು ಒಬ್ಬನನ್ನೇ ಒಳಗೆ ಕರೆದು ಹೇಳುತ್ತಿದ್ದರು, ಅಣ್ಣ ಬಾಗಿಲು ದೂಡಿಕೊಂಡು ಬಂದು ಪಕ್ಕದಲ್ಲಿ ನಿಂತ.

"ನುಂಗೋ ತನಕ ಮನೆಯಲ್ಲೇ ಇರಲಿ. ನುಂಗೋದು ನಿಂತರೆ ಹೊಟ್ಟೆಗೆ ಒಂದು ತೂತು ಮಾಡಿ ಟ್ಯೂಬ್ ಇಡಬೇಕಾಗುತ್ತೆ. ಅದರಲ್ಲಿ ಗಂಜಿ ಬಿಡೋದು," ಎಂದರು ಡಾಕ್ಟರ್.

ಬಸ್ಸಿನಲ್ಲಿ ಬರುವಾಗ ಅಣ್ಣ ಕಿಟಕಿಯ ಹೊರಗೆ ನೋಡುತ್ತ ಹೇಳಿದ: "ಜಿಂದಗಿ ತುಂಬ ತೂತ ಮುಚ್ಚಕೋತ ಬಂದೀನಿ. ಈಗ ನನಗೇ ತೂತ ಹಾಕ್ತಾರಂತ." ನನ್ನ ಕಡೆ ತಿರುಗಿದ. "ಅದೊಂದು ಬ್ಯಾಡ ತಮ್ಮಾ. ಬಾಯಿಲೆ ಕುಡದು ಸಾಯ್ತೀನಿ. ಟ್ಯೂಬ್ ಬ್ಯಾಡ."

ನಾನು ಆಯ್ತು ಎಂದೆ. ಆಯ್ತು ಎನ್ನುವುದು ಸುಲಭ. ಹಾಲು ಕುಡಿದರೆ ವಾಂತಿ, ಗಂಜಿ ಕುಡಿದರೆ ವಾಂತಿ. ವೈನಿಯ ತವರಿನ ಕಡೆಯ ಮುದುಕಿಯೊಬ್ಬಳು ಬಂದು, ಬಾಣಂತಿಯರಿಗೆ, ಸೊರಗಿದವರಿಗೆ ಮರಲ್ ಮೀನಿನ ಸಾರು ಕೊಡುತ್ತಾರೆ, ಅದು ನಿಲ್ಲುತ್ತದೆ ಎಂದು ಹೇಳಿ ಹೋದಳು. ವೈನಿ ಅರಿಸಿನ, ಶುಂಠಿ, ಬೆಳ್ಳುಳ್ಳಿ, ಮೆಣಸು ಹಾಕಿ ತಲೆ ಸಮೇತ ಕುದಿಸಿ, ತೆಳ್ಳಗಿನ ಬಟ್ಟೆಯಲ್ಲಿ ಸೋಸಿ ಸ್ಟೀಲ್ ಲೋಟಕ್ಕೆ ಹಾಕಿ ಕೊಟ್ಟಳು. ಅಣ್ಣ ಗುಟುಕು ಗುಟುಕಾಗಿ, ನಡುನಡುವೆ ಗೋಡೆಗೆ ಒರಗಿ, ಕುಡಿದ. ನಾವಿಬ್ಬರೂ ಅವನ ಗಂಟಲು ನೋಡುತ್ತ ಕೂತೆವು. ಅದು ನಿಂತಿತು.

ಸಂತೆಯಲ್ಲಿ ಸಿಗುವುದು ಕೆರೆಯಲ್ಲಿ ಸಾಕಿದ ಮೀನು, ಐಸಿನಲ್ಲಿ ಇಟ್ಟದ್ದು. ಅದರ ಸಾರಿನ ವಾಸನೆಗೇ ಅಣ್ಣನ ಹೊಟ್ಟೆ ತಿರುಗುತ್ತಿತ್ತು. ಮರಲ್ ಯಾರಿಗಾದರೂ ಸಿಕ್ಕರೆ ಅದು ನೇರವಾಗಿ ಹೈದರಾಬಾದ್ ದಾರಿ ಹಿಡಿಯುತ್ತಿತ್ತು. ಹಾಗಾಗಿ ಕೆಲಸ ನನ್ನ ತಲೆಯ ಮೇಲೆ ಬಿತ್ತು. ನಾನು ಮೀನು ತಂದರೆ ಅಣ್ಣ ಬಾಯಿಂದ ಕುಡಿಯುತ್ತಾನೆ, ತಾರದಿದ್ದರೆ ಹೊಟ್ಟೆಗೆ ತೂತು. ಮಧ್ಯಾಹ್ನದ ಡ್ಯೂಟಿ ಕೇಳಿಕೊಂಡು ಹಾಕಿಸಿಕೊಂಡೆ. ಬೆಳಿಗ್ಗೆಯ ಹೊತ್ತು ಹೊಂಡದ್ದಾಯಿತು.

ಅವನಿಗೆ ಏರಿಯ ತನಕ ನಡೆಯಲು ಆಗುತ್ತಿರಲಿಲ್ಲ. ಬಿಸ್ಕೆಟ್ ಡಬ್ಬಿ ಅವನ ಮಂಚದ ಕೆಳಗಿತ್ತು, ಅಧಿಕಾರವೂ ಅಲ್ಲೇ ಇತ್ತು. ನಾನು ಬೆಳಿಗ್ಗೆ ಮೊದಲು ಹೊಂಡಕ್ಕೆ ಹೋಗಿ ಬರಿಗೈಲಿ ನೋಡಿಕೊಂಡು ಬರಬೇಕು, ಅವನಿಗೆ ವರದಿ ಕೊಡಬೇಕು, ಆಮೇಲೆ ಅವನು ಆರಿಸಿ ಕೊಟ್ಟ ಕಪ್ಪೆಯೊಂದಿಗೆ ಮತ್ತೆ ಹೋಗಬೇಕು. ಎರಡು ಸಲ ಯಾಕೆ, ನಾಲ್ಕು ಕಪ್ಪೆ ಜೇಬಿನಲ್ಲಿ ಹಾಕಿಕೊಂಡು ಒಂದೇ ಸಲ ಹೋಗುತ್ತೇನೆ ಎಂದೆ. ಹಾಗೆ ಮಾಡಿದರೆ ನಾಲ್ಕನ್ನೂ ಒಂದೊಂದು ಗಳಿಗೆ ಒಗೆದು ನೀರು ಕದಡುತ್ತೀ ಎಂದ. ಅದು ನಿಜವೂ ಆಗಿತ್ತು, ಹಾಗಾಗಿ ಇನ್ನಷ್ಟು ಸಿಟ್ಟು ಬಂತು.

"ಗಾಳಿ?" ಎಂದು ಕೇಳುತ್ತಿದ್ದ.

"ಗುಡ್ಡದ ಕಡಿಂದ ಅದ."

"ಜೋರು ಅದನೋ, ಹೆಂಗ?"

"ಆಪು ಬಾಗಾಕತ್ತದ."

"ಹಂಗಾದ್ರ ಬಾಯಿ ಅಗಲ ಇದ್ದಿದ್ದು ಒಯ್ಯಿ. ಅದು ನೀರ್ ಸಿಡಸ್ತದ. ಸುಮ್ಮನ ಹಾಯೋದು ಅಲಿಯೊಳಗ ಅದಕ ತಿಳಿಯಂಗಿಲ್ಲ."

ಬಾಯಿ ಅಗಲದ್ದು ಎಂದರೆ ಮುಖವನ್ನು ಒಳಗೆ ತೋಡಿ ಚಮಚದ ಹಾಗೆ ಮಾಡಿದ ಕಪ್ಪೆ. ಎಳೆದಾಗಲೆಲ್ಲ ಗಳಕ್ ಎಂದು ನೀರು ಉಗುಳುತ್ತಿತ್ತು. ಚಳಿಗಾಲ ಬಂದು ಗಾಳಿ ಬಿದ್ದು ನೀರು ತಿಳಿಯಾದಾಗ ಅದನ್ನು ಮುಟ್ಟಲು ಬಿಡಲಿಲ್ಲ. ಆಗ ಬಿಳಿ ಹೊಟ್ಟೆಯ ಸಣ್ಣ ಕಪ್ಪೆ, ಹೆಬ್ಬೆರಳಿನಷ್ಟು. ಅದನ್ನು ಒಗೆದು ಅಲೆ ಪೂರ್ತಿ ಅಡಗುವ ತನಕ ಕೈ ಅಲುಗಿಸಬಾರದು, ಆಮೇಲೆ ಒಂದು ಗೇಣು ಎಳೆದು ಮತ್ತೆ ಬಿಡಬೇಕು. ತಿಳಿ ನೀರಿನಲ್ಲಿ ಮೀನಿಗೆ ನೋಡಲು ಬೇಕಾದಷ್ಟು ಹೊತ್ತು ಇರುತ್ತದೆ, ಅದಕ್ಕೆ ಅನುಮಾನ ಬರಬಾರದು ಎನ್ನುತ್ತಿದ್ದ. ಮಾತು ಮುಗಿಸುವುದಕ್ಕೆ ಅವನಿಗೆ ಉಸಿರು ಸಾಲುತ್ತಿರಲಿಲ್ಲ. ಕಪ್ಪೆಯ ವಿಷಯ ಬಂದರೆ ಮಾತ್ರ ಪೂರ್ತಿ ಹೇಳಿಯೇ ಬಿಡುತ್ತಿದ್ದ.

ಆ ಚಳಿಗಾಲ ನಾವು ಗೆದ್ದೆವು ಎಂದೇ ನಾನು ತಿಳಿದಿದ್ದೆ. ಸಿಕ್ಕ ಮೀನನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತಂದು ಬಚ್ಚಲ ಮನೆಯ ಬಕೆಟ್ಟಿನಲ್ಲಿ ಬಿಟ್ಟರೆ ಮರುದಿನಕ್ಕೂ ಜೀವಂತ. ಬಕೆಟ್ಟಿನಲ್ಲಿ ಮೀನು ಇದ್ದ ದಿನ ವೈನಿ ನಕ್ಕು ಮಾತಾಡುತ್ತಿದ್ದಳು. ಇಲ್ಲದ ದಿನ ಪಾತ್ರೆಗಳು ಮಾತಾಡುತ್ತಿದ್ದವು. ನೋಡಲು ಬರುವ ನೆಂಟರು ಬಾಳೆಹಣ್ಣು ತರುತ್ತಿದ್ದರು. ಉಗುಳು ನುಂಗಲಾರದವನಿಗೆ ಬಾಳೆಹಣ್ಣು. ಕೊಟ್ಟು, ಮಂಚದ ತುದಿಗೆ ಕೂತು, ಬಹಳ ಸೊರಗ್ಯಾರ್ರಿ ಎಂದು ಅವನಿಗೇ ಹೇಳುತ್ತಿದ್ದರು. ಒಂದು ದಿನ ನಾನು ಎಲ್ಲ ಹಣ್ಣನ್ನೂ ಒಯ್ದು ಡಿಪೋದಲ್ಲಿ ಹಂಚಿಬಿಟ್ಟೆ.

ಬೇಸಿಗೆಗೆ ಕಾಲುವೆಯ ನೀರು ಕಟ್ಟಿದರು. ಪ್ರತಿ ವರ್ಷ ಕಟ್ಟುತ್ತಾರೆ, ಆ ವರ್ಷ ಮಾತ್ರ ಯಾರೋ ನಮ್ಮ ಮೇಲೆ ಹಗೆ ಸಾಧಿಸಿ ಕಟ್ಟಿದ ಹಾಗೆ ನನಗನ್ನಿಸಿತು. ಕಾಲುವೆಯ ಕಲ್ಲುಹಾಸು ಬಿಸಿಲಿಗೆ ಬೆಳ್ಳಗೆ ಕಾಣಿಸತೊಡಗಿತು. ಬಸಿಯುವ ನೀರು ನಿಂತು ಹೊಂಡಗಳು ಒಂದೊಂದಾಗಿ ತಳ ಕಂಡವು. ಬಲೆ ಹಿಡಿದವರು ಬಂದು ಬಳಿದುಕೊಂಡು ಹೋದರು. ಉಳಿದದ್ದು ಒಂದೇ ಹೊಂಡ, ಬಂಡೆಯ ಮಗ್ಗುಲಲ್ಲಿ ಆಳವಾದದ್ದು, ಕಲ್ಲು ತುಂಬಿರುವುದರಿಂದ ಬಲೆ ಹಾಕಲು ಬಾರದ್ದು.

ಅಲ್ಲಿ ನೀರು ಕನ್ನಡಿಯ ಹಾಗಿತ್ತು. ನನ್ನ ನೆರಳು ಬಿದ್ದರೂ ಮೀನು ಸರಿಯುತ್ತಿತ್ತು. ಅಣ್ಣ ಡಬ್ಬಿಯ ತಳದಿಂದ ಕಾಲೇ ಇಲ್ಲದ, ಒಣಗಿದ ಎಲೆಯ ಬಣ್ಣದ ತುಂಡೊಂದನ್ನು ತೆಗೆದ. ಅದನ್ನು ಮಾಡಿದ್ದೇ ನನಗೆ ಗೊತ್ತಿರಲಿಲ್ಲ.

"ನೀರಿಗಿ ಒಗೀಬ್ಯಾಡ. ಆಚಿ ದಂಡಿ ಮಣ್ಣಿನ ಮ್ಯಾಲ ಒಗಿ. ಅಲ್ಲಿಂದ ಹಗೂರಕ ನೀರಿಗಿ ಜಾರಿಸು. ಬಿದ್ದ ಸಪ್ಪಳ ಕೇಳಬಾರದು ಅದಕ," ಎಂದ.

ಅದರಿಂದಲೂ ಸಿಕ್ಕವು, ವಾರಕ್ಕೊಂದೋ ಏನೋ. ನಡುವಿನ ದಿನಗಳಲ್ಲಿ ಸಕ್ಕರೆ ನೀರು. ಅವನ ಕೆನ್ನೆಗಳು ಒಳಗೆ ಹೋದವು, ಕಿವಿಗಳು ದೊಡ್ಡವಾಗಿ ಕಂಡವು. ಕಲಬುರಗಿಯವರು ಇನ್ನು ತಡ ಮಾಡಬೇಡಿ, ಟ್ಯೂಬ್ ಹಾಕಿಸಿ ಎಂದರು. ಅಣ್ಣ ಡಾಕ್ಟರ ಮುಂದೆ ತಲೆಯನ್ನು ಆ ಕಡೆ ಈ ಕಡೆ ಆಡಿಸಿದ. ವೈನಿ ಅಬ್ಬೆತುಮಕೂರಿನ ಮಠಕ್ಕೆ ಹೋಗಿ ಹರಕೆ ಹೊತ್ತು ಬಂದಳು. ಏನೆಂದು ಹೊತ್ತಳೋ ಹೇಳಲಿಲ್ಲ. ನಾನು ಕೇಳಿದ್ದು ಒಂದೇ: ಕಾಲುವೆಗೆ ನೀರು ಬರುವ ತನಕ ಇವನು ನುಂಗುತ್ತಿರಲಿ. ನೀರು ಬಂದರೆ ಮೀನು ಬರುತ್ತದೆ ಎಂದು ನನ್ನ ಲೆಕ್ಕ.

ನೀರು ಬಂತು. ಮೇಲೆ ಅಣೆಕಟ್ಟು ತುಂಬಿ, ಚಹಾದ ಬಣ್ಣದ ರಾಡಿ ಕಾಲುವೆಯ ಅಂಚಿನ ತನಕ ಹರಿಯಿತು. ಬಸ್ಸು ಸೇತುವೆ ದಾಟುವಾಗ ನಾನು ಟಿಕೆಟ್ ಹರಿಯುವುದನ್ನು ಬಿಟ್ಟು ಬಗ್ಗಿ ನೋಡಿದೆ. ಹೊಂಡಗಳು ಮತ್ತೆ ತುಂಬಿದವು, ಆಪು ಹಸುರಾಯಿತು. ನನ್ನ ಲೆಕ್ಕದಲ್ಲಿ ಒಂದು ಬಿಟ್ಟುಹೋಗಿತ್ತು. ನೀರು ಬರುವ ಕಾಲವೇ ಮರಲ್ ಮರಿ ಮಾಡುವ ಕಾಲ. ಎಲ್ಲ ಹೊಂಡದಲ್ಲೂ ಮೀನು ಜೋಡಿಯಾಗಿ ಕಾವಲಿಗೆ ನಿಂತಿದ್ದವು. ಕಾವಲು ನಿಂತ ಮೀನು ಉಣ್ಣುವುದಿಲ್ಲ. ಅಣ್ಣ ಆರಿಸಿ ಕೊಟ್ಟ ದಪ್ಪ ಕರಿಯ ಕಪ್ಪೆಯನ್ನು, ಹೊಟ್ಟೆಯೊಳಗೆ ಸೈಕಲ್ ಚಕ್ರದ ಉಕ್ಕಿನ ಗುಂಡು, ಛರ್ರಾ, ತುರುಕಿ ರಾಡಿ ನೀರಿನಲ್ಲಿ ಸಪ್ಪಳದಿಂದಲೇ ಮೀನು ಕರೆಯುವ ಹಾಗೆ ಮಾಡಿದ್ದನ್ನು, ಹೊಂಡದ ಉದ್ದಗಲಕ್ಕೂ ಎಳೆದೆ. ಕೆಂಪು ಮಚ್ಚೆಗಳನ್ನು ಬಿಟ್ಟು ಬೇರೆಲ್ಲ ಕಡೆ ಎಳೆದೆ. ಛರ್ರಾ ಕಟಕಟ ಅನ್ನುತ್ತಿತ್ತು, ಯಾವುದೂ ಏಳಲಿಲ್ಲ.

ಶ್ರಾವಣ ಬಂತು. ವೈನಿ ಶ್ರಾವಣದಲ್ಲಿ ಮನೆಯೊಳಗೆ ಮೀನು ಮಾಂಸ ತರಿಸುವವಳಲ್ಲ, ಒಲೆ ಸಾರಿಸಿ ರಂಗೋಲಿ ಹಾಕಿ ಸೋಮವಾರ ಒಪ್ಪತ್ತು ಮಾಡುವವಳು. ಬರಿಗೈಲಿ ಬಂದ ನನ್ನನ್ನು ಹಿತ್ತಲಿಗೆ ಕರೆದಳು.

"ಒಂದೂ ಇಲ್ಲೇನು ತಮ್ಮಾ?"

"ಅದಾವರಿ ವೈನಿ. ಮರಿ ಕಾಯಾಕತ್ತಾವ."

ಅವಳಿಗೆ ಕೋಲು ಮುರಿದ ಕಥೆ ಗೊತ್ತಿತ್ತು. ಕೈಯಲ್ಲಿದ್ದ ಸಾರಣೆಯ ಬಟ್ಟೆಯನ್ನು ಹಿಂಡಿದಳು.

"ನಿನ್ನಿಯಿಂದ ನೀರ್ ಸುದ್ದಾ ಹೊಳ್ಳಿ ಬರಾಕತ್ತದ. ಮೀನಿಗಿ ಮರಿ ಅದಾವ. ನನಗ ಯಾರದಾರ? ನಾಳಿ ತಗೊಂಡು ಬಾ."

"ಅಣ್ಣ ಕುಡಿಯಂಗಿಲ್ರಿ."

"ಅವರಿಗಿ ಹೇಳೋರ್ಯಾರು?" ಎಂದಳು.

ಮರುದಿನ ಬೆಳಿಗ್ಗೆ ಅಣ್ಣ ಎಂದಿನಂತೆ ಕೇಳಿದ. ನೀರು? ರಾಡಿ. ಗಾಳಿ? ಇಲ್ಲ. ಮೋಡ? ಅದ. ಡಬ್ಬಿಯನ್ನು ಎತ್ತಿಕೊಳ್ಳುವ ಶಕ್ತಿ ಇರಲಿಲ್ಲ, ಬೆರಳು ತೋರಿಸಿದ. "ಕರೀದು," ಎಂದ. ಹಿಂದೆಲ್ಲ ಮಳೆಗಾಲದಲ್ಲಿ ಅವನು ಕೇಳುತ್ತಿದ್ದ ಮೊದಲ ಮಾತು, ಮರಿ ಎದ್ದಾವೇನು ಎಂಬುದು. ಆವತ್ತು ಅದನ್ನು ಕೇಳಲಿಲ್ಲ. ಮರೆತನೋ, ಬೇಕಂತಲೇ ಬಿಟ್ಟನೋ, ನನಗೆ ಇವತ್ತಿಗೂ ತಿಳಿದಿಲ್ಲ.

ಬಂಡೆಯ ಹೊಂಡದ ಅಂಚಿನಲ್ಲಿ ಕೆಂಪು ಮಚ್ಚೆ ಕುದಿಯುತ್ತಿತ್ತು. ನಾನು ಅದರ ಆಚೆಗೆ ಒಗೆದು ನಡುವಿನಿಂದ ಎಳೆದೆ. ಮೀನು ಕಪ್ಪೆಯನ್ನು ಕಚ್ಚಲಿಲ್ಲ, ಮೂತಿಯಿಂದ ಎತ್ತಿ ಹೊರಗೆ ಎಸೆಯಿತು. ಹಸಿದ ಮೀನು ಒಮ್ಮೆ ತಪ್ಪಿದರೆ ಸರಿದು ಹೋಗುತ್ತದೆ. ಇದು ಹೋಗಲಿಲ್ಲ, ಅಲ್ಲೇ ನಿಂತಿತ್ತು. ಎರಡನೇ ಸಲ ಕಚ್ಚಿತು. ಮೇಲೆ ಎಳೆದು ಕೈಯಲ್ಲಿ ಹಿಡಿದಾಗ ಅದರ ತಲೆ ದೊಡ್ಡದು, ಹೊಟ್ಟೆ ಬೆನ್ನಿಗೆ ಹತ್ತಿತ್ತು. ನನಗೆ ಖುಷಿಯಾಯಿತು. ನಾಚಿಕೆಯೂ ಆಯಿತು, ಆದರೆ ಖುಷಿ ಮೊದಲು ಆಯಿತು. ಇವತ್ತು ಮತ್ತೆ ಹೋಗು ಎಂದರೂ ಹೋಗುತ್ತೇನೆ. ನನಗೆ ಅಣ್ಣ ಒಬ್ಬನೇ ಇದ್ದ, ಹೊಂಡದಲ್ಲಿ ಮೀನು ಬಹಳ ಇದ್ದವು.

ವೈನಿ ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಸಾರು ಕಾಸಿದಳು. ಶ್ರಾವಣದ ಒಲೆಗೆ ಅದನ್ನು ತರಲಿಲ್ಲ. ಕಾಸಿ, ಸೋಸಿ, ಕೈಕಾಲು ತೊಳೆದುಕೊಂಡು ಲೋಟ ಒಳಗೆ ತಂದಳು. ನಾನು ಅಣ್ಣನ ಬೆನ್ನಿಗೆ ಕೈಕೊಟ್ಟು ಕೂರಿಸಿದೆ. ಬೆನ್ನಿನ ಎಲುಬುಗಳು ನನ್ನ ಅಂಗೈಗೆ ಒಂದೊಂದಾಗಿ ತಾಗಿದವು.

ಒಂದು ಗುಟುಕು ಬಾಯಲ್ಲಿ ಇಟ್ಟುಕೊಂಡ. ನುಂಗಿದ. ಲೋಟದೊಳಗೆ ನೋಡಿದ.

"ಜಿಡ್ಡೇ ಇಲ್ಲ," ಎಂದ. "ಮರಿ ಕಾಯೋ ಮೀನಿದು."

ವೈನಿ ಬಾಯಿ ಒರೆಸುವ ಬಟ್ಟೆ ಹಿಡಿದುಕೊಂಡು ನಿಂತಿದ್ದಳು, ಅಲುಗಲಿಲ್ಲ. ಲೋಟ ಗೋಡೆಗೆ ಬೀಳುತ್ತದೆಂದು ನಾನು ಕಾದೆ. ಬೀಳಲಿ ಎಂದೂ ಅನ್ನಿಸಿತು. ಬಿದ್ದಿದ್ದರೆ ಅವನು ಇನ್ನೂ ನಮ್ಮ ಅಣ್ಣನೇ ಆಗಿರುತ್ತಿದ್ದ.

ಅವನು ಕುಡಿದ. ಎರಡು ಕೈಯಿಂದ ಲೋಟ ಹಿಡಿದು, ತಡೆದು ತಡೆದು, ತಳದ ತನಕ ಕುಡಿದ. ಸೋಸಿದ ಬಟ್ಟೆಯಲ್ಲಿ ಉಳಿದದ್ದನ್ನು ಹಿಂಡಿ ಕೊಡು ಎಂದ. ವೈನಿ ಓಡಿ ಹೋಗಿ ಹಿಂಡಿ ತಂದಳು, ಅದನ್ನೂ ಕುಡಿದ. ಆಮೇಲೆ ಗೋಡೆಗೆ ಒರಗಿ ಕಣ್ಣು ಮುಚ್ಚಿದ. ನಿದ್ದೆ ಬಂತೆಂದು ನಾನು ಎದ್ದೆ.

"ಇನ್ನೊಂದು ಅಲ್ಲೇ ಇರ್ತದ," ಎಂದ, ಕಣ್ಣು ಮುಚ್ಚಿಕೊಂಡೇ. "ಗಂಡು ಹೆಣ್ಣು ಎರಡೂ ಕಾಯ್ತಾವ. ಒಂದು ಹೋದ್ರೂ ಇನ್ನೊಂದು ಜಾಗ ಬಿಡಂಗಿಲ್ಲ. ನಾಳಿಗಿ ಅದನ್ನ ತಾ."

ಅಭ್ಯಾಸದ ಬಲದಿಂದ ಬಗ್ಗಿ ಡಬ್ಬಿ ಎಳೆದುಕೊಂಡು, "ಯಾವ ಕಪ್ಪಿ ಒಯ್ಯಲಿ ಅಣ್ಣಾ?" ಎಂದು ಕೇಳಿದೆ.

"ಯಾವುದಾದ್ರೂ ನಡೀತದ," ಎಂದು ಗೋಡೆಯ ಕಡೆ ಹೊರಳಿದ.

ಅಷ್ಟು ವರ್ಷಗಳಲ್ಲಿ ಮೊದಲ ಸಲ, ಯಾವುದೆಂದು ಅವನು ಹೇಳದೆ, ಅವನ ಒಪ್ಪಿಗೆಯಿಂದಲೇ ಆ ಡಬ್ಬಿಗೆ ನಾನು ಕೈ ಹಾಕಿದೆ. ಬೆಳಿಗ್ಗೆ ನೋಡದೆ ಒಂದನ್ನು ತೆಗೆದು ಜೇಬಿಗೆ ಹಾಕಿಕೊಂಡು ಹೋದೆ. ಹೊಂಡದ ಮೇಲೆ ತೆಗೆದು ನೋಡಿದರೆ ಬಿಳಿ ಹೊಟ್ಟೆಯ ಸಣ್ಣದು, ಚಳಿಗಾಲದ್ದು, ರಾಡಿ ನೀರಿಗೆ ಎಳ್ಳಷ್ಟೂ ಹೊಂದದ್ದು. ಕೆಂಪು ಮಚ್ಚೆ ಹರಿದು ತುಂಡು ತುಂಡಾಗಿ ಆಪಿನ ಬುಡಕ್ಕೆ ಸೇರಿಕೊಂಡಿತ್ತು. ಮಿಂಚುಳ್ಳಿ ಒಂದು ಆಪಿನ ಮೇಲಿಂದ ಮತ್ತೆ ಮತ್ತೆ ಬೀಳುತ್ತಿತ್ತು. ಉಳಿದ ಮೀನು ಒಂದು ತುಂಡಿನಿಂದ ಇನ್ನೊಂದಕ್ಕೆ ಓಡಾಡುತ್ತಿರುವುದು ನೀರಿನ ಉಬ್ಬಿನಿಂದ ತಿಳಿಯುತ್ತಿತ್ತು. ನಾನು ಒಗೆದೆ. ಅಲೆ ಅಡಗುವ ತನಕ ಕಾಯಲೂ ಇಲ್ಲ. ಮೊದಲ ಎಳೆತಕ್ಕೇ ಬಂತು.

ಆವತ್ತು ಕುಡಿಯುವಾಗ ಅಣ್ಣ ಲೋಟ ಕೆಳಗಿಟ್ಟು ಕೇಳಿದ: "ಯಾವುದು ಒಯ್ದಿದ್ದಿ?"

"ಬಿಳೇದು."

"ರಾಡಿ ನೀರಿಗಿ ಬಿಳೇದು," ಎಂದ. ಬೈಯುತ್ತಾನೆಂದು ಕಾದೆ. ದವಾಖಾನೆಯಲ್ಲಿ ಅಳದವನು, ಬಸ್ಸಿನಲ್ಲಿ ಅಳದವನು, ಲೋಟವನ್ನು ಮಡಿಲಲ್ಲಿ ಹಿಡಿದುಕೊಂಡು ಸದ್ದಿಲ್ಲದೆ ಅತ್ತ. ವೈನಿ ಮುಖ ಒರೆಸಿದಳು. ಆಮೇಲೆ ಉಳಿದದ್ದನ್ನು ಕುಡಿದ, ಅದು ಆರಿಹೋಗಿತ್ತು.

ಅದೇ ಅವನು ಬಾಯಿಂದ ಕುಡಿದ ಕಡೆಯ ಲೋಟ. ಮರುದಿನದಿಂದ ನೀರೂ ಇಳಿಯಲಿಲ್ಲ. ವೈನಿ ನನ್ನ ಮುಖ ನೋಡಿದಳು, ನಾನು ಅವ್ವನ ಆಣೆ ಮಾಡಿ ಅಣ್ಣನಿಗೆ ಹೇಳಿದೆ, ಟ್ಯೂಬಿಗೆ ಕರೆದೊಯ್ಯುವುದಿಲ್ಲ ಎಂದು. ಒದ್ದೆ ಹತ್ತಿಯಿಂದ ತುಟಿ ಒರೆಸುತ್ತ ಕೂತೆವು. ಶ್ರಾವಣ ಮುಗಿಯುವುದರೊಳಗೆ ಅವನು ಹೋದ.

ಮಣ್ಣು ಮಾಡಿ ಬಂದ ಮೂರನೆಯ ದಿನ ಸುಮ್ಮನೆ ಕೂರಲಾರದೆ ಬಂಡೆಯ ಹೊಂಡಕ್ಕೆ ಹೋದೆ. ಕೋಲು ಒಯ್ದಿರಲಿಲ್ಲ. ಗಾಳಿ ಗುಡ್ಡದ ಕಡೆಯಿಂದ ಇತ್ತು, ಮೋಡವಿತ್ತು, ನೀರು ಇನ್ನೂ ರಾಡಿ. ಇಷ್ಟನ್ನೂ ನೋಡಿಕೊಂಡು, ಅಣ್ಣನಿಗೆ ಹೇಳಬೇಕೆಂದು ಮನೆಯ ಕಡೆ ಅರ್ಧ ದಾರಿ ಬಂದುಬಿಟ್ಟಿದ್ದೆ.